ಚಿಗವ್ವನ ಸಂಚಿಯಲ್ಲಿ ಊರಿನ ಬಾಡಿಗೆ

ವಿಜಯಪುರದ ಯಾವ ಓಣಿಯಲ್ಲಿ ಮನೆ ಬಾಡಿಗೆ ಎಷ್ಟಿದೆ ಎಂದು ತಿಳಿಯಬೇಕಾದರೆ ನೀವು ಮೊಬೈಲು ತೆಗೆಯುತ್ತೀರಿ, ಏಜೆಂಟನ ಹಿಂದೆ ಅಲೆಯುತ್ತೀರಿ, ಇಲ್ಲವೇ ಚಹಾದಂಗಡಿಯ ಮುಂದೆ ನಿಂತು ನಾಲ್ಕು ಜನರನ್ನು ಕೇಳುತ್ತೀರಿ. ಪಾಪ! ನಮ್ಮ ಚಿಗವ್ವನ ಎಲೆಅಡಿಕೆ ಸಂಚಿ ಇರುವಾಗ ಇಷ್ಟೆಲ್ಲ ತ್ರಾಸು ಯಾಕೆ? ಆ ಸಂಚಿಯೊಳಗೆ ಇಡೀ ಊರೇ ಮಡಚಿಕೊಂಡು ಕುಳಿತಿದೆ!

ಚಿಗವ್ವ ಎಂದರೆ ನನ್ನ ತಾಯಿಯ ತಂಗಿ. ಇಷ್ಟು ಕೇಳಿ ಅವಳು ಮನೆ ಕೊಡಿಸುವ ದಂಧೆಯವಳು ಎಂದುಕೊಂಡೀರಿ. ಹೊನವಾಡದಲ್ಲಿ ಅವಳಿಗೆ ಸ್ವಂತ ಮನೆ ಇದೆ. ಮುಂದೆ ಬೇವಿನ ಗಿಡ, ಹಿಂದೆ ಎರಡು ಎಮ್ಮೆ, ಊರ ಹೊರಗೆ ಅವಳ ಗಂಡ, ಅಂದರೆ ನಮ್ಮ ಕಾಕಾನ ದ್ರಾಕ್ಷಿ ತೋಟ. ಅಲ್ಲಿಂದ ಕದಲುವ ವಿಚಾರ ಅವಳಿಗೂ ಇಲ್ಲ, ಎಮ್ಮೆಗಳಿಗೂ ಇಲ್ಲ. ಆದರೂ ಗೋಡೆಯ ಮೇಲೆ 'ಮನೆ ಬಾಡಿಗೆಗೆ ಇದೆ' ಎಂಬ ಫಲಕ ಕಂಡರೆ ಸಾಕು, ಅವಳ ಕಾಲು ತಾನಾಗಿ ಒಳಗೆ ನಡೆಯುತ್ತದೆ. ಓದಲು ಬರುವುದಿಲ್ಲ. ಹಾಗಾದರೆ ಫಲಕ ಹೇಗೆ ತಿಳಿಯುತ್ತದೆ ಎಂದು ಒಮ್ಮೆ ಕೇಳಿದೆ.

"ಖಾಲಿ ಮನಿ ಮಾರಿನ ಬ್ಯಾರೆ ಇರತೈತಿ ತಮ್ಮಾ, ಹಸದ ಕೂಸಿನಂಗ," ಎಂದಳು.

ಇನ್ನು ನನ್ನ ವಿಷಯ. ನಾನು ಟೈಲ್ಸ್ ಹಾಕುವವನು. ನಾನು ಹಾಕಿದ ನೆಲದ ಮೇಲೆ ಗೋಲಿ ಇಟ್ಟರೆ ಅದು ಇಟ್ಟಲ್ಲೇ ನಿಲ್ಲುತ್ತದೆ. ಇಂಜಿನಿಯರುಗಳೇ ಬಗ್ಗಿ ನೋಡಿ ತಲೆ ಆಡಿಸಿದ್ದಾರೆ. ಊರಿನ ಎಷ್ಟೋ ದೊಡ್ಡ ಮನೆಗಳಲ್ಲಿ ದೊಡ್ಡವರು ನನ್ನ ಕೆಲಸದ ಮೇಲೆ ಬರಿಗಾಲಲ್ಲಿ ನಡೆಯುತ್ತಾರೆ. ಹುಟ್ಟಿದ್ದು ಕಳ್ಳಕವಟಗಿಯಲ್ಲಿ. ಐದನೆಯ, ಆರನೆಯ ಇಯತ್ತೆಗೆಂದು ಚಿಗವ್ವನ ಹತ್ತಿರ ಬಂದಿದ್ದೆ; ಆಗ ಅವಳೂ ಕಾಕಾನೂ ವಿಜಯಪುರದ ಶಾಪೇಟೆಯಲ್ಲಿ ಒಂದು ಬಾಡಿಗೆ ಖೋಲಿಯಲ್ಲಿದ್ದರು. ಆರನೆಯ ಇಯತ್ತೆಯ ನಡುವೆ ಅವರು ಖೋಲಿ ಬಿಟ್ಟು ಹೊನವಾಡಕ್ಕೆ ಹೋದರು, ನಾನು ಪಾಟಿ ಬಿಟ್ಟು ಕರಣಿ ಹಿಡಿದೆ. ಶಾಲೆ ನನ್ನನ್ನು ಬಿಡಲಿಲ್ಲ, ನಾನೇ ಅದನ್ನು ಬಿಟ್ಟೆ! ಯಾರು ಕೇಳಿದರೂ ಎದೆ ಸೆಟೆಸಿ ಹೀಗೇ ಹೇಳುತ್ತೇನೆ.

ಊರಿಗೆಲ್ಲ ನೆಲ ಹಾಕಿದವನಿಗೆ ಸ್ವಂತ ನೆಲ ಮಾತ್ರ ಇನ್ನೂ ಆಗಿಲ್ಲ. ಒಂದೇ ಬಾಡಿಗೆ ಮನೆಯಲ್ಲಿ ಹನ್ನೊಂದು ವರ್ಷ ಇದ್ದೆವು. ಕೆಳಗೆ ನಾವು, ಮೇಲೆ ಮಾಲಕರು. ಈ ಬೇಸಿಗೆಯಲ್ಲಿ ಅವರ ಮನೆಗೆ ಮೊಮ್ಮಗು ಬಂತು. ಇತ್ತ ನನ್ನ ಹೆಂಡತಿ ಎರಡು ಖಾನಾವಳಿಗಳಿಗೆ ದಿನಾ ನೂರೈವತ್ತು ಜೋಳದ ರೊಟ್ಟಿ ಮಾಡಿ ಕೊಡುವವಳು. ನಸುಕಿನ ನಾಲ್ಕಕ್ಕೆ ಅವಳ ಬಡಿತ ಶುರುವಾಗುತ್ತದೆ. ಸರಿಯಾಗಿ ಅದೇ ಹೊತ್ತಿಗೆ ಮೊಮ್ಮಗು ಕಣ್ಣು ಮುಚ್ಚುತ್ತದೆ! ರೊಟ್ಟಿ ಬಡಿಯುವ ಕಟ್ಟಿಗೆಯ ಕೊಣಮಗಿಯ ಕೆಳಗೆ ಹೆಂಡತಿ ಗೋಣಿಚೀಲ ಮಡಚಿ ಹಾಕಿದಳು. ಒಂದು ಹೋಗಿ ಎರಡಾಯಿತು, ಎರಡು ಹೋಗಿ ನಾಲ್ಕಾಯಿತು. ಕೊಣಮಗಿ ಎತ್ತರವಾಯಿತೇ ಹೊರತು ಸದ್ದು ಕಡಿಮೆಯಾಗಲಿಲ್ಲ.

ಮಾಲಕರು ಒಳ್ಳೆಯವರು. ಕೈ ಹಿಡಿದುಕೊಂಡೇ ಹೇಳಿದರು: "ನಿಮ್ಮದೇನೂ ತಪ್ಪಿಲ್ರಿ. ಆದ್ರ ಕೂಸು… ಮಣ್ಣೆತ್ತಿನ ಅಮಾಸಿಯೊಳಗ ಬ್ಯಾರೆ ಮನಿ ನೋಡ್ಕೊಂಡ್ರ ಭಾಳ ಉಪಕಾರ ಆಕ್ಕೈತಿ."

ಮಣ್ಣೆತ್ತಿನ ಅಮಾವಾಸ್ಯೆ ಮುಗಿದರೆ ಆಷಾಢ. ಆಷಾಢದಲ್ಲಿ ನಮ್ಮಲ್ಲಿ ಯಾರೂ ಮನೆ ಬದಲಿಸುವುದಿಲ್ಲ. ಉಳಿದದ್ದು ಒಂದು ತಿಂಗಳು. ಬೇಕಾದದ್ದು ಮೂರು: ಆರು ಸಾವಿರದೊಳಗಿನ ಬಾಡಿಗೆ, ರೊಟ್ಟಿ ಬಡಿದರೆ ತಕರಾರು ಮಾಡದ ಮಾಲಕ, ಮತ್ತು ಮಗಳ ಶಾಲೆ ಹತ್ತಿರ. ಮಗಳು ಈ ವರ್ಷ ಹತ್ತನೆಯ ಇಯತ್ತೆ. ಬೆಳಿಗ್ಗೆ ಒಂದು ತಾಸು ಹೆಚ್ಚಿನ ಪಾಠ, ಸಂಜೆ ಒಂದು ತಾಸು. ನಮ್ಮ ಮನೆತನದಲ್ಲಿ ಅಷ್ಟು ದೂರ ಹೋದವಳು ಅವಳೊಬ್ಬಳೇ.

ಸುದ್ದಿ ಹೊನವಾಡಕ್ಕೆ ಹೋಯಿತು. ಮರುದಿನ ಒಂಬತ್ತರ ಬಸ್ಸಿಗೆ ಚಿಗವ್ವ ಇಳಿದಳು. ಎಮ್ಮೆ ಹಿಂಡಿ, ಕಾಕಾನಿಗೆ ಬುತ್ತಿ ಕಟ್ಟಿಟ್ಟು, ಸೊಂಟಕ್ಕೆ ಸಂಚಿ ಸಿಗಿಸಿ!

ಆ ಸಂಚಿಯನ್ನು ನೀವು ನೋಡಬೇಕು. ಒಂಬತ್ತು ಜೇಬಿನ ಹಳೆಯ ಕೆಂಪು ಸಂಚಿ. ಮೊದಲು ಒಂದರಲ್ಲಿ ಎಲೆ, ಒಂದರಲ್ಲಿ ಅಡಿಕೆ, ಒಂದರಲ್ಲಿ ಸುಣ್ಣದ ಡಬ್ಬಿ ಹೀಗೆ ಇರುತ್ತಿತ್ತು. ಈಗ ಎಲೆ, ಸುಣ್ಣ ಸೆರಗಿನ ಗಂಟಿಗೆ ಹೋದವು. ಮೇಲಿನ ಜೇಬು ಜಲನಗರವಾಯಿತು, ಪಕ್ಕದ್ದು ಆಶ್ರಮ ರಸ್ತೆ, ಅದರ ಕೆಳಗೆ ಇಬ್ರಾಹಿಂಪುರ, ಅಂಚು ಹರಿದದ್ದು ಸೋಲಾಪುರ ರಸ್ತೆ. ಸಾವಿರ ರೂಪಾಯಿಗೆ ಒಂದು ಅಡಿಕೆ. ಐದುನೂರಕ್ಕೆ ಅರ್ಧ ಹೋಳು. ನಳದ ನೀರು ಎಷ್ಟು ದಿನಕ್ಕೊಮ್ಮೆ ಎಂಬುದಕ್ಕೆ ಅಷ್ಟು ಲವಂಗ.

ಸಂಜೆ ನಮ್ಮ ಪಡಸಾಲೆಯಲ್ಲಿ ಸಂಚಿ ಬಿಚ್ಚಿ ಹರಡಿಕೊಂಡು ಕೂಡುತ್ತಿದ್ದಳು. "ಜಲನಗರ ಎಂಟ ಅಡಿಕಿ, ನಾಕ ಲವಂಗ. ಇಬ್ರಾಹಿಂಪುರ ಏಳ ಅಡಿಕಿ, ಐದ ಲವಂಗ. ಸೋಲಾಪುರ ರೋಡಿಗೆ ಹತ್ತ ಅಡಿಕಿ. ಲಿಫ್ಟ್ ಐತಂತ! ನಾವು ಕೆಳಗಿನ ಮನಿಯಾಗ ಇರೂದು, ಲಿಫ್ಟ್ ತಗೊಂಡ ಪಾತಾಳಕ್ಕ ಹೋಗೂದೇನು?"

ಮಗಳು ಚಿಗವ್ವನಿಗೆ ಮೊಬೈಲ್ ತೋರಿಸಿದಳು. "ಆಯಿ, ಇದ್ರಾಗ ಎಲ್ಲಾ ಓಣಿದೂ ಬಾಡಿಗಿ ಬರತೈತಿ. ಫೋಟೋನೂ ಐತಿ ನೋಡು."

ಚಿಗವ್ವ ಮೊಬೈಲನ್ನು ಕೈಯಲ್ಲಿ ಹಿಡಿದು ಹಿಂದೆ ಮುಂದೆ ತಿರುಗಿಸಿದಳು. "ಫೋಟೋದಾಗಿನ ನಳಕ್ಕ ನೀರ ಬರ್ತಾವೇನ? ಮ್ಯಾಲಿನ ಮನಿಯಾಕಿ ಗಂಟ ಮಾರಿಯಾಕಿನೋ ನಗುಮಾರಿಯಾಕಿನೋ ಕಾಣತೈತೇನ? ಇಲ್ಲ! ಹಂಗಾರ ಒಳಗಿಡು."

ಸಂಚಿಯ ಲೆಕ್ಕದ ಮೇಲೆ ನನಗೂ ಭಾರಿ ನಂಬಿಕೆ ಬಂದಿತ್ತು. ಒಂದು ಸೋಮವಾರ ಬಂದವಳೇ ಜಲನಗರದ ಜೇಬು ಬಿಚ್ಚಿ, "ಲೇ, ಆರಕ್ಕ ಇಳದೈತಿ!" ಎಂದು ಕೂಗಿದಳು. ನಾನು ಕೆಲಸ ಅರ್ಧಕ್ಕೆ ಬಿಟ್ಟೆ. ಹೆಂಡತಿ ಒಲೆ ಆರಿಸಿದಳು. ಇಬ್ಬರೂ ಗಾಡಿ ಹತ್ತಿ ಓಡಿದೆವು. ಮಾಲಕ ಚಹಾ ಕುಡಿಯುತ್ತ ಕುಳಿತಿದ್ದ.

"ಎಂಟು," ಎಂದ.

"ಆರಕ್ಕ ಇಳಿಸೀರಂತಲ್ರಿ?"

"ಯಾರಂದ್ರು? ನಮ್ಮ ಮನ್ಯಾಗ ಹೆಂಡತಿಗೂ ಹೇಳಲಾರದ ನಾ ಹ್ಯಾಂಗ ಇಳಿಸಲಿ?"

ಮುಖ ಸಣ್ಣದು ಮಾಡಿಕೊಂಡು ಮರಳಿದೆವು. ಚಿಗವ್ವ ಜೇಬು ಮತ್ತೆ ಎಣಿಸಿದಳು. ಆರೇ ಅಡಿಕೆ. ಬಾಯಿ ಆಡಿಸುತ್ತ ವಿಚಾರ ಮಾಡಿದಳು. ಬಾಯಿ ಆಡಿಸುವುದು ಒಮ್ಮೆಲೇ ನಿಂತಿತು.

"ಟಿಕೋಟಾದಾಗ ಬಸ್ಸ ಅರ್ಧ ತಾಸ ನಿಂತಿತ್ತೋ," ಎಂದಳು ಮೆಲ್ಲಗೆ. "ಬಾಯಿ ಜಡ್ಡಾಗಿತ್ತು."

ಎರಡು ಸಾವಿರ ರೂಪಾಯಿಯನ್ನು ಹೀಗೆ ಅಗಿದು ಉಗುಳಿದವರು ಈ ಜಿಲ್ಲೆಯಲ್ಲಿ ಬೇರೆ ಯಾರಾದರೂ ಇದ್ದಾರೆಯೇ?

ಇದಕ್ಕಿಂತ ದೊಡ್ಡದು ಅವಳ ಪರೀಕ್ಷೆ. ಬಾಡಿಗೆ ಎಷ್ಟೇ ಸರಿಹೋಗಲಿ, ಚಿಗವ್ವನ ಪರೀಕ್ಷೆಯಲ್ಲಿ ಪಾಸಾಗದ ಮನೆ ಮನೆಯೇ ಅಲ್ಲ. ಆಶ್ರಮ ರಸ್ತೆಯಲ್ಲಿ ಒಂದು ಮನೆ ಆರು ಸಾವಿರಕ್ಕೆ ಬರುವಂತಿತ್ತು. ಮಾತು ನನ್ನದೇ ನಡೆದಿತ್ತು. ರೊಟ್ಟಿಯ ವಿಷಯ ಆಮೇಲೆ ನಿಧಾನವಾಗಿ ತಿಳಿಸಿದರಾಯಿತು ಎಂದು ನಾನು ಬಾಯಿ ಬಿಗಿಹಿಡಿದಿದ್ದೆ. ಅಷ್ಟರಲ್ಲಿ ಚಿಗವ್ವ ಚೀಲದಿಂದ ಕೊಣಮಗಿ ತೆಗೆದಳು! ನಾದಿದ ಹಿಟ್ಟೂ ಬಂತು! ನನ್ನ ಹೆಂಡತಿಯನ್ನು ಅಡುಗೆಮನೆಯಲ್ಲಿ ಕೂರಿಸಿ, "ನಾ ಬ್ಯಾಡ ಅನ್ನೂತನ ಬಡಿ," ಎಂದು ಹೇಳಿ, ತಾನು ಮೆಟ್ಟಿಲು ಹತ್ತಿ ಮಾಲಕರ ಮನೆಯೊಳಗೆ ಹೋದಳು. ನಾನು ಹಿಂದೆ ಓಡಿದೆ.

ಮಾಲಕರ ಹೆಂಡತಿ ಮಂಚದ ಮೇಲೆ ಕುಳಿತು ಟಿವಿ ನೋಡುತ್ತಿದ್ದಳು.

"ಸ್ವಲ್ಪ ಸರೀಬೇ ಯವ್ವಾ," ಎಂದಳು ಚಿಗವ್ವ.

"ಯಾಕ್ರಿ?"

"ಮಕ್ಕೋತೀನಿ. ಒಂದ ಚಾದರ ಇದ್ರ ಕೊಡು. ಆ ಟಿವಿ ಬಂದ ಮಾಡು."

ಕೆಳಗಿನ ಬಡಿತದಲ್ಲಿ ತನಗೆ ನಿದ್ದೆ ಬಂದರೆ ಮನೆ ಪಾಸು, ಬರದಿದ್ದರೆ ಫೇಲು. ಇದು ಅವಳ ಕಾನೂನು. ಆ ಯವ್ವ ಸರಿದಳು. ಚಿಗವ್ವ ಗೋಡೆಗೆ ಮುಖ ಮಾಡಿ ಮಲಗಿದಳು. ಹತ್ತು ನಿಮಿಷ ಕಳೆಯಿತು, ಅರ್ಧ ತಾಸು ಕಳೆಯಿತು. ಒಂದೂವರೆ ತಾಸು! ಮಾಲಕರೂ ಅವರ ಹೆಂಡತಿಯೂ ತಮ್ಮ ಮನೆಯ ಹೊರಗಿನ ಮೆಟ್ಟಿಲ ಮೇಲೆ ಕುಳಿತು ಪಿಸುಗುಟ್ಟುತ್ತಿದ್ದರು. ಕೆಳಗೆ ನನ್ನ ಹೆಂಡತಿ 'ಬ್ಯಾಡ' ಎನ್ನುವವರು ಇಲ್ಲದೆ ಅದೇ ಒಂದು ಮುದ್ದೆಯನ್ನು ಬಡಿದು, ಮುರಿದು, ಮತ್ತೆ ಬಡಿದು ಕೈ ಸೋತು ಕುಳಿತಿದ್ದಳು. ಕೊನೆಗೆ ಚಿಗವ್ವ ಎದ್ದು ಮೈಮುರಿದು, "ಮನಿ ಪಾಸ್!" ಎಂದು ಘೋಷಿಸಿದಳು.

ಮಾಲಕರು ನನ್ನನ್ನು ಪಕ್ಕಕ್ಕೆ ಕರೆದರು. "ರೊಟ್ಟಿ ಸಪ್ಪಳ ಹ್ಯಾಂಗರ ನಡೀತೈತ್ರಿ. ಆ ಹಿರ್ಯಾರ ಗೊರಕಿ ಮಾತ್ರ ನಡಿಯಾಂಗಿಲ್ಲ."

ಅವಳು ನಮ್ಮ ಮನೆಯವಳಲ್ಲ, ಹೊನವಾಡದವಳು ಎಂದು ಎಷ್ಟು ಹೇಳಿದರೂ ಅವರು ನಂಬಲಿಲ್ಲ.

ಇಷ್ಟನ್ನೂ ನಾನು ಸಹಿಸಿಕೊಂಡೆ. ನನ್ನ ತಾಳ್ಮೆ ಕಡಿದದ್ದು ಇಬ್ರಾಹಿಂಪುರದಲ್ಲಿ. ಅಲ್ಲೊಬ್ಬ ಮಾಲಕ ಏಳು ಹೇಳಿದ್ದ. ಜಗ್ಗಾಡಿ ಆರಕ್ಕೆ ತರೋಣ ಎಂದು ರವಿವಾರ ಹೋದರೆ ಎಂಟು ಎಂದ!

"ನಾಕ ದಿನದಾಗ ಏನ ಬಂಗಾರ ಹಚ್ಚೀರಿ?" ಎಂದೆ.

ಅವನು ನಾಚಿಕೊಂಡ. "ಒಬ್ಬಾಕಿ ಹಿರ್ಯಾಕಿ ಬಂದಿದ್ಲರಿ, ಕೆಂಪು ಸಂಚಿಯಾಕಿ. 'ಜಲನಗರದಾಗ ಎಂಟ ಅಡಿಕಿ ನಡದೈತಿ, ನಿಂದ್ಯಾಕ ಏಳು? ಗ್ವಾಡಿ ಸೋರತೈತೇನು?' ಅಂದ್ಲು. ಮರ್ಯಾದಿ ಪ್ರಶ್ನೆ ನೋಡ್ರಿ. ಎಂಟ ಮಾಡಿದೆ."

ನಾನು ಅಲ್ಲಿಂದ ಜಲನಗರಕ್ಕೆ ಹೋದೆ. ಅಲ್ಲಿ ಒಂಬತ್ತಾಗಿತ್ತು. ಯಾಕೆಂದರೆ ಚಿಗವ್ವ ಮುಂಜಾನೆಯೇ ಬಂದು, "ಇಬ್ರಾಹಿಂಪುರದವ ಎಂಟಕ್ಕ ಏರ್ಯಾನ, ನೀ ಹಿಂದ ಬಿದ್ದಿ," ಎಂದು ಹೇಳಿ ಹೋಗಿದ್ದಳು! ಬಾಡಿಗೆ ಯಾಕೆ ಏರುತ್ತದೆ ಎಂದು ಓದಿದವರು ಏನೇನೋ ಕಾರಣ ಹೇಳುತ್ತಾರೆ. ನಮ್ಮಲ್ಲಿ ಅದು ಹೊನವಾಡದಿಂದ ಒಂಬತ್ತರ ಬಸ್ಸಿಗೆ ಬರುತ್ತದೆ. ಅವಳು ಮಾತಾಡಿದರೆ ಏರುತ್ತದೆ, ಅಡಿಕೆ ಅಗಿದರೆ ಇಳಿಯುತ್ತದೆ.

ಅಮಾವಾಸ್ಯೆಗೆ ಆರು ದಿನ ಉಳಿದಿದ್ದವು. ಯಾರಿಗೂ ಹೇಳದೆ ನಾನೊಬ್ಬನೇ ಇಟ್ಟಂಗಿಹಾಳದ ಕಡೆ ಹೋಗಿ ಒಂದು ಮನೆ ಗೊತ್ತುಮಾಡಿ ಬಂದೆ. ಹೊಸ ಲೇಔಟು, ಹೊಲದ ಪಕ್ಕ, ಮೇಲೆ ಯಾರೂ ಇಲ್ಲ, ನಾಲ್ಕೂವರೆ ಸಾವಿರ. ರೊಟ್ಟಿಯಲ್ಲ, ಡೊಳ್ಳು ಬಡಿದರೂ ಕೇಳುವವರಿಲ್ಲ! ಮುಂಗಡ ನಾಳಿದ್ದು ಕೊಡುತ್ತೇನೆ ಎಂದು ಮಾತು ಕೊಟ್ಟೆ. ಸಂಜೆ ಎಲ್ಲರ ಮುಂದೆ ಮೀಸೆ ತಿರುವಿ ಹೇಳಿದೆ.

"ಸಾಲಿ ಎಷ್ಟ ದೂರ?" ಎಂದಳು ಚಿಗವ್ವ.

"ಬಸ್ಸ ಐತಿ."

"ಬಸ್ಸ ತಪ್ಪಿದ್ರ?"

"ಒಂದಿನ ತಪ್ಪತೈತಿ."

"ದಿನಾ ತಪ್ಪಿದ್ರ?"

ನನಗೆ ತಲೆ ಕೆಟ್ಟಿತು. "ತಪ್ಪಿದ್ರ ತಪ್ಪಲಿ ಬಿಡು! ನಾ ಸಾಲಿ ಬಿಟ್ಟ ಸತ್ತ ಹೋದ್ನೇನ? ದುಡದ ತಿನ್ನಾಕತ್ತಿಲ್ಲೇನ? ನೀ ನಮಗ ಮನಿ ಹುಡಕಾಕತ್ತಿಲ್ಲ ಚಿಗವ್ವಾ, ಊರ ತಿರಗಾಕತ್ತಿ!"

ಮಗಳು ಪುಸ್ತಕದಿಂದ ತಲೆ ಎತ್ತಿ ನನ್ನನ್ನು ನೋಡಿದಳು, ಮತ್ತೆ ತಗ್ಗಿಸಿದಳು. ಚಿಗವ್ವನಿಂದ ಒಂದು ಬೈಗುಳ ಬರುತ್ತದೆ ಎಂದುಕೊಂಡೆ. ಅವಳು ಸಂಚಿಯ ದಾರ ಎಳೆದು ಬಿಗಿದಳು, ಚಹಾ ಮುಟ್ಟದೆ ಎದ್ದಳು. ಅವಳು ಚಹಾ ಬಿಟ್ಟು ಹೋದದ್ದನ್ನು ನನ್ನ ಆಯುಷ್ಯದಲ್ಲಿ ಅದೇ ಮೊದಲು ಕಂಡದ್ದು.

"ಬಾಯಿ ಐತಿ ಅಂತ ಮಾತಾಡಬಾರ್ದು," ಎಂದಳು ಹೆಂಡತಿ. ನನಗೂ ಹಾಗೇ ಅನ್ನಿಸಿತ್ತು. ಆದರೆ ಗಂಡಸು ನೋಡಿ, ಒಪ್ಪಿಕೊಳ್ಳುವುದು ಹೇಗೆ?

ಮರುದಿನ ಅವಳು ಬರಲಿಲ್ಲ. ಅದರ ಮರುದಿನ ನಾನು ಮುಂಗಡದ ದುಡ್ಡು ಜೇಬಿಗೆ ಹಾಕಿಕೊಂಡು ಹೊಸ್ತಿಲು ದಾಟುತ್ತಿದ್ದೆ. ಎದುರಿಗೆ ಒಂದು ಬಿಳಿ ಆಕೃತಿ ಬಂದು ನಿಂತಿತು. ತಲೆ ಬಿಳಿ, ಹುಬ್ಬು ಬಿಳಿ, ಸೀರೆ ಬಿಳಿ. ಕೆಂಪಗೆ ಇದ್ದದ್ದು ಬಾಯಿ, ಸಂಚಿ ಎರಡೇ!

"ನಡೀ," ಎಂದಿತು ಆಕೃತಿ. "ಐದ ಅಡಿಕಿ, ಮೂರ ಲವಂಗ. ಸಾಲಿ ಹಿಂದಿನ ಓಣಿ."

"ಏನ ಬೇ ಇದು ಅವತಾರ?"

"ನಾವು ಸಪ್ಪಳ ಇಲ್ಲದ ಮನಿ ಹುಡಕಿದ್ವಿ ನೋಡು, ಅಲ್ಲೇ ತಪ್ಪಿದ್ದು. ಸಪ್ಪಳ ಇದ್ದ ಮನಿ ಹುಡಕಬೇಕಾಗಿತ್ತು!"

ಶಾಲೆಯ ಹಿಂದಿನ ಓಣಿಯಲ್ಲಿ ಒಂದು ಹಿಟ್ಟಿನ ಗಿರಣಿ. ಗಿರಣಿಗೆ ಗೋಡೆ ಹಚ್ಚಿ ಎರಡು ಖೋಲಿ, ಒಂದು ಅಡುಗೆಮನೆ. ಮೇಲೆ ಗಿರಣಿಯವರ ಮನೆ. ಗಿರಣಿಯ ಸದ್ದಿಗೆ ಅಂಜಿ ಬಾಡಿಗೆಯವರು ಯಾರೂ ಆರು ತಿಂಗಳ ಮೇಲೆ ನಿಂತಿಲ್ಲ, ಅದಕ್ಕೇ ಅಗ್ಗ. ಹಿಂದಿನ ದಿನ ಚಿಗವ್ವ ಶಾಲೆಯ ಬಾಗಿಲಿನಿಂದ ಹೆಜ್ಜೆ ಎಣಿಸುತ್ತ ಒಂದೊಂದೇ ಓಣಿ ಹಿಡಿದು ನಡೆದು, ಈ ಮನೆ ಸಿಕ್ಕ ಮೇಲೆ ಗಿರಣಿಯೊಳಗೇ ಚೀಲದ ಮೇಲೆ ಮಲಗಿ ಪರೀಕ್ಷೆ ಮಾಡಿದ್ದಳು. ಪಾಸು! ಇವತ್ತು ಮತ್ತೊಮ್ಮೆ ಮಲಗಿ ಖಾತ್ರಿ ಮಾಡಿಕೊಂಡು ಬಂದಿದ್ದಳು.

ನಾನು ಈ ಸಲ ಮುಚ್ಚಿಡಲಿಲ್ಲ. ಗಿರಣಿಯವನಿಗೆ ನೇರವಾಗಿ ಹೇಳಿದೆ: "ನಸಿಕ್ಲೆ ನಾಕಕ್ಕ ರೊಟ್ಟಿ ಬಡಿತೀವ್ರಿ. ನೂರೈವತ್ತು."

ಅವನು ನಕ್ಕ. "ಬಡೀರಿ. ಗಿರಣಿ ಬಂದ್ ಇತ್ತಂದ್ರ ನನಗ ನಿದ್ದೀನ ಹತ್ತೂದಿಲ್ಲ. ನಾಕಕ್ಕ ಎಚ್ಚರ ಆಗಿ ಸುಮ್ನ ಬಿದ್ದಿರ್ತೀನಿ. ನಿಮ್ಮ ಸಪ್ಪಳ ಕೇಳಿ ಆರತನ ಮಕ್ಕೋತೀನಲ್ಲ!"

ಮನೆಯ ನೆಲ ಮಾತ್ರ ಅಲ್ಲಲ್ಲಿ ಎದ್ದಿತ್ತು. "ಯಾವ ದಡ್ಡ ಹಾಕಿದ್ದು ಇದನ್ನ?" ಎಂದೆ. ಗಿರಣಿಯವನು ನನ್ನ ಮುಖವನ್ನೇ ನೋಡುತ್ತ, "ಇಪ್ಪತ್ತೈದ ವರ್ಷ ಆತು. ಕಳ್ಳಕವಟಗಿ ಹುಡುಗ. ನೀವ ಇದ್ದಂಗ ಇದ್ದ," ಎಂದ. ಚಿಗವ್ವ ನಕ್ಕ ನಗೆಗೆ ಅವಳ ತಲೆಯ ಹಿಟ್ಟು ಉದುರಿತು. ನಾನು ಮೂರು ದಿನದಲ್ಲಿ ಆ ನೆಲ ಕಿತ್ತು ಹೊಸದಾಗಿ ಹಾಕಿದೆ. ಈಗ ಬಂದು ಗೋಲಿ ಇಟ್ಟು ನೋಡಿ!

ಅಮಾವಾಸ್ಯೆಯ ಹಿಂದಿನ ದಿನ ಹೊಸ ಮನೆಯಲ್ಲಿ ಹಾಲು ಉಕ್ಕಿಸಿದೆವು. ಮಧ್ಯಾಹ್ನದ ಊಟಕ್ಕೆಂದು ಹೆಂಡತಿ ರೊಟ್ಟಿಗೆ ಕುಳಿತಳು. ರೂಢಿ ನೋಡಿ, ಕೊಣಮಗಿಯ ಕೆಳಗೆ ಗೋಣಿಚೀಲ ಮಡಚಿ ಹಾಕಿದ್ದಳು. ಚಿಗವ್ವ ಅದನ್ನು ಎಳೆದು ಹೊರಗೆ ಒಗೆದಳು. "ಬಡಿಯೇ! ಓಣಿಗೆಲ್ಲಾ ಕೇಳಲಿ!"

ಬಡಿತ ಶುರುವಾಯಿತು. ಒಳಗಿನ ಖೋಲಿಯಲ್ಲಿ ಮಗಳು ಜೋರಾಗಿ ಓದುತ್ತಿದ್ದಳು. ಚಿಗವ್ವ ಹೊಸ್ತಿಲ ಮೇಲೆ ಕುಳಿತು, ಸಂಚಿ ಬಿಚ್ಚಿ, ಜಲನಗರ, ಆಶ್ರಮ ರಸ್ತೆ, ಇಬ್ರಾಹಿಂಪುರ ಎಲ್ಲವನ್ನೂ ತಟ್ಟೆಗೆ ಸುರಿದಳು. "ತಿನ್ರಿ. ಇನ್ನ ಎಣಸೂದ ಮುಗೀತು." ಗಿರಣಿಯವನೂ ಬಂದು ಒಂದು ಮುಷ್ಟಿ ತೆಗೆದುಕೊಂಡ. ಇಡೀ ಊರಿನ ಬಾಡಿಗೆಯನ್ನು ನಾವು ಅಂದು ಒಂದೇ ಸಲಕ್ಕೆ ಅಗಿದು ಮುಗಿಸಿದೆವು.

ಒಂದು ಜೇಬನ್ನು ಮಾತ್ರ ಅವಳು ಸುರಿದಿರಲಿಲ್ಲ. ಎಲ್ಲಕ್ಕೂ ಒಳಗಿನದು, ಸಣ್ಣದು.

"ಅದ್ಯಾವ ಓಣಿ ಚಿಗವ್ವಾ?"

ಅವಳು ಬೆರಳು ಹಾಕಿ ತೆಗೆದಳು. ಎರಡು ಅಡಿಕೆ, ಕಪ್ಪಾಗಿ ಕಲ್ಲಿನಂತಾಗಿದ್ದವು.

"ಶಾಪೇಟಿ ಖೋಲಿ. ಆಗ ನೂರಕ್ಕ ಒಂದ ಅಡಿಕಿ ಹಿಡಿತಿದ್ದೆ. ಎರಡನೂರು."

"ಇಷ್ಟ ವರ್ಷ ಯಾಕ ತಿನ್ನಲಿಲ್ಲ?"

"ಆ ಮನಿ ನಾ ಇನ್ನೂ ಖಾಲಿ ಮಾಡಿಲ್ಲೋ ತಮ್ಮಾ."

ಒಳಗೆ ಬಡಿತ ನಡೆದೇ ಇತ್ತು. ಅವಳು ಅತ್ತ ಕಿವಿ ಇಟ್ಟುಕೊಂಡೇ ಹೇಳಿದಳು. "ಅಲ್ಲೂ ರೊಟ್ಟಿ ಮಾಡಿ ಮಾರ್ತಿದ್ದೆ. ಮ್ಯಾಲಿನವ್ರು ಎರಡ ಸಲ ಹೇಳಿದ್ರು. ನನಗ ಸೊಕ್ಕು, ಇನ್ನೂ ಜೋರ ಬಡದೆ. ಮೂರನೇ ಸಲ ಸಾಮಾನ ಹೊರಗ ಇಟ್ರು. ನಿಂದ ಆರನೇ ಇಯತ್ತೆ ನಡುವ ಇತ್ತು. ನಾ ಮೆತ್ತಗ ಬಡದಿದ್ರ ನೀ ಇವತ್ತ ಸಾಲಿ ಕಲ್ತ ದೊಡ್ಡ ಮನಷ್ಯಾ ಆಗಿರ್ತಿದ್ದಿ."

ಶಾಲೆ ನಾನೇ ಬಿಟ್ಟದ್ದು ಎಂದು ಊರಿಗೆಲ್ಲ ಹೇಳಿದ್ದೆ. ಅವಳಿಗೂ ಎಷ್ಟೋ ಸಲ ಹೇಳಿದ್ದೆ. ಅವಳೊಬ್ಬಳು ನಂಬಿರಲಿಲ್ಲ. ಆ ಸಾಮಾನಿನ ಗುಡ್ಡೆಯ ಮೇಲೆ ಪಾಟಿಚೀಲ ಹಿಡಿದು ಕುಳಿತು ನಾನು ಅತ್ತದ್ದನ್ನು ಕಂಡವಳೂ ಅವಳೊಬ್ಬಳೇ.

ನನ್ನ ಚೀಲದಿಂದ ಸಣ್ಣ ಸುತ್ತಿಗೆ ತೆಗೆದೆ. ಅವಳ ಕೈಯಿಂದ ಆ ಎರಡು ಅಡಿಕೆ ಇಸಿದುಕೊಂಡು ಹೊಸ್ತಿಲ ಕಲ್ಲಿನ ಮೇಲೆ ಇಟ್ಟು ಒಡೆದೆ. ಮೊದಲ ಏಟಿಗೆ ಒಡೆಯಲಿಲ್ಲ. ಮೂರನೆಯದಕ್ಕೆ ಒಡೆದವು. ಅರ್ಧ ಅವಳಿಗೆ ಕೊಟ್ಟೆ, ಅರ್ಧ ನಾನು ಬಾಯಿಗೆ ಹಾಕಿಕೊಂಡೆ.

"ಖಾಲಿ ಮಾಡು ಚಿಗವ್ವಾ ಇನ್ನ," ಎಂದೆ.

"ಏನೂ ರುಚಿ ಇಲ್ಲ ಬಿಡೋ, ಬರೇ ಧೂಳ," ಎಂದಳು. ಆದರೂ ಉಗುಳಲಿಲ್ಲ. ಸಂಜೆಯ ಬಸ್ಸಿಗೆ ಕಳಿಸಲು ಹೋದಾಗಲೂ ಅವಳ ಬಾಯಿ ಮೆಲ್ಲಗೆ ಆಡುತ್ತಲೇ ಇತ್ತು. ಸೊಂಟದ ಸಂಚಿ ಹಗುರಾಗಿ ಗಾಳಿಗೆ ಹಾರಾಡುತ್ತಿತ್ತು.